ಹದಿನೇಳನೆಯ ಕಿಂಡಿ

ನಮ್ಮೂರಲ್ಲಿ ಮಾತು ಹೊಸ್ತಿಲು ದಾಟುವುದಿಲ್ಲ. ಒಳಗೆ ನೀವು ಎಷ್ಟೇ ಕಿರುಚಿಕೊಳ್ಳಿ, ಬಾಗಿಲಾಚೆ ನಿಂತವನಿಗೆ ನಿಮ್ಮ ತುಟಿ ಆಡುವುದಷ್ಟೇ ಕಾಣುತ್ತದೆ. ಬೀದಿಗಿಳಿದರಂತೂ ಊರಿಗೆ ಊರೇ ಮೂಕ. ತರಕಾರಿಯವನು ಕೋಲಿಗೆ ಹಸಿರು ಬಟ್ಟೆ ಕಟ್ಟಿಕೊಂಡು ಬರುತ್ತಾನೆ, ಮೀನಿನವಳು ನೀಲಿ ಬಟ್ಟೆ. ಮದುವೆ ಮೆರವಣಿಗೆಯಲ್ಲಿ ವಾಲಗದವರು ಸುಮ್ಮನೆ ನಡೆಯುತ್ತಾರೆ, ಆಮೇಲೆ ಮನೆಮನೆಗೆ ನುಗ್ಗಿ ಒಂದೊಂದು ಸಲ ಊದಿ ಬರುತ್ತಾರೆ. ಜಗಳ ಆಡಬೇಕೆಂದರೆ ಯಾರದಾದರೂ ಮನೆಯೊಳಗೇ ಹೋಗಬೇಕು. ಒಳಗೆ ಹೋದಮೇಲೆ ಕುಡಿಯಲು ನೀರು ಕೊಡುತ್ತಾರೆ, ನೀರು ಕುಡಿದಮೇಲೆ ಅರ್ಧ ಜಗಳ ಅಲ್ಲೇ ಇಳಿದುಹೋಗುತ್ತದೆ. ನಮಗೆ ಇದೆಲ್ಲ ಹುಟ್ಟಿದಾಗಿನಿಂದ ರೂಢಿ.

ದೂರದ ಮಾತಿಗೆ ದನಿಮನೆ ಇದೆ. ಎಂಟು ಬೀದಿಗಳ ಪ್ರತಿ ಮನೆಯಲ್ಲೂ ಒಂದು ಪೆಟ್ಟಿಗೆ, ಪೆಟ್ಟಿಗೆಗೊಂದು ಕೇಬಲ್. ಅಷ್ಟೂ ಕೇಬಲ್ಲುಗಳು ಬಂದು ಸೇರುವುದು ದನಿಮನೆಯ ನಡುವೆ ನಿಂತಿರುವ ಕಬ್ಬಿಣದ ಚೌಕಟ್ಟಿಗೆ, ಅಂದರೆ ಚಾಸಿಗೆ. ಚಾಸಿಗೆ ಎಂಟು ಖಾನೆ, ಖಾನೆಗೊಂದು ಸ್ವಿಚ್ ಮಾಡ್ಯೂಲ್, ಅಂದರೆ ಬೀದಿಗೊಂದು. ಊರವರ ಬಾಯಲ್ಲಿ ಅದು ಹಲಗೆ. ಹಲಗೆಯ ಮುಖದಲ್ಲಿ ಇಪ್ಪತ್ತನಾಲ್ಕು ಕಿಂಡಿ, ಕಿಂಡಿಗೊಂದು ಮನೆ, ಮನೆಗೊಂದು ಹಸಿರು ದೀಪ. ಯಾರಾದರೂ ಮಾತಾಡಿದರೆ ಆ ಮನೆಯ ದೀಪ ಮಿಣುಕುತ್ತದೆ. ಇಪ್ಪತ್ತಾರು ವರ್ಷದಿಂದ ಇದನ್ನು ನೋಡಿಕೊಳ್ಳುತ್ತಿರುವವನು ನಾನು, ಪಾಲಯ್ಯ. ಕೂತಲ್ಲಿ ಕೂರುವ ಆಸಾಮಿ ನಾನಲ್ಲ. ಚಾಸಿಯ ಸುತ್ತ ತಿರುಗಿ ತಿರುಗಿ ದನಿಮನೆಯ ಗಾರೆ ನೆಲ ಸವೆಸಿದ್ದೇನೆ ಎಂದು ಜನ ಆಡಿಕೊಳ್ಳುತ್ತಾರೆ, ಸುಳ್ಳೇನಲ್ಲ.

ಈ ಕೆಲಸದಲ್ಲಿ ಒಂದು ಕಟ್ಟುನಿಟ್ಟಿದೆ. ಒಂದು ಮನೆಯ ಕೇಬಲ್ಲನ್ನು ಒಂಟಿಯಾಗಿ ಕಿಂಡಿಯಿಂದ ಎಳೆಯುವುದು ಆ ಮನೆಯಲ್ಲಿ ಸಾವಾದಾಗ ಮಾತ್ರ. ಪ್ರತಿ ತುದಿಗೂ ಮನೆಯ ಹೆಸರಿನ ಚೀಟಿ ಕಟ್ಟಿರುತ್ತದೆ. ಎಳೆದ ತುದಿಯನ್ನು ಚೀಟಿ ಸಮೇತ ದನಿಮನೆಯ ಬಾಗಿಲ ಮೊಳೆಗೆ ಹದಿಮೂರು ದಿನ ತೂಗುಹಾಕಬೇಕು. ದಾರಿಯಲ್ಲಿ ಹೋಗುವವರು ಅದನ್ನು ನೋಡಿ, ಸೆರಗೋ ಟವೆಲ್ಲೋ ತಲೆಗೆ ಹೊದ್ದು ಆ ಮನೆಗೆ ನಡೆಯುತ್ತಾರೆ. ಹೀಗಾಗಿ ನಮ್ಮೂರಿನ ಯಾವ ಮನೆಯಲ್ಲೂ ತಂತಿಯ ತುದಿ ಸುಮ್ಮನೆ ತೂಗಾಡುವ ಹಾಗಿಲ್ಲ. ಕಂಡರೆ ಹೆಂಗಸರು ಎದೆ ಮುಟ್ಟಿಕೊಳ್ಳುತ್ತಾರೆ. ಹಲಗೆ ಬದಲಿಸುವಾಗ ಮಾತ್ರ ವಿನಾಯಿತಿ, ಅದೂ ಇಪ್ಪತ್ತನಾಲ್ಕನ್ನೂ ಒಟ್ಟಿಗೆ ಎತ್ತಬೇಕು. ಅದಕ್ಕೆಂದೇ ಇಪ್ಪತ್ತನಾಲ್ಕು ಹಲ್ಲಿನ ಮರದ ಬಾಚಣಿಗೆಯೊಂದಿದೆ. ತುದಿಗಳನ್ನೆಲ್ಲ ಅದಕ್ಕೆ ಸಿಕ್ಕಿಸಿದರೆ ಒಂದೂ ಜೋತುಬೀಳುವುದಿಲ್ಲ.

ಐದನೇ ಬೀದಿಯಲ್ಲಿ ನನ್ನ ಅಕ್ಕ ತಿಪ್ಪಕ್ಕನ ಮನೆ, ಹದಿನೇಳನೇ ಕಿಂಡಿ. ಗಂಡ ತೀರಿಕೊಂಡು ಬಹಳ ವರ್ಷವಾಯಿತು. ಇರುವವಳು ಒಬ್ಬಳೇ ಮಗಳು, ಗಂಗೋತ್ರಿ. ಅವಳನ್ನು ಕೊಟ್ಟಿರುವುದು ಅದೇ ಬೀದಿಯ ಬೋರಮ್ಮನ ಮಗನಿಗೆ, ಒಂಬತ್ತನೇ ಕಿಂಡಿ. ಎರಡೂ ಮನೆಯ ಹಿತ್ತಿಲ ನಡುವೆ ನಾಲ್ಕೇ ನಾಲ್ಕು ಗೋಡೆ. ಆದರೆ ಮಗಳಿಗೆ ಒಂದು ಮಗುವಾಗುವ ತನಕ ಹೆತ್ತವಳು ಬೀಗರ ಹೊಸ್ತಿಲು ತುಳಿಯುವಂತಿಲ್ಲ, ಮಗಳೂ ತವರಿಗೆ ಬರುವಂತಿಲ್ಲ. ಸೋದರಮಾವನಾದ ನಾನು ಹೋಗಬಹುದು, ತಿಂದು ತೇಗಿಯೂ ಬರಬಹುದು, ಅಕ್ಕ ಮಾತ್ರ ಕೂಡದು. ಇರುವ ಪೆಟ್ಟಿಗೆಯೋ ಬೋರಮ್ಮನ ಪಡಸಾಲೆಯಲ್ಲಿ, ಬೋರಮ್ಮನ ಕಾಲಬುಡದಲ್ಲಿ. ತಾಯಿ ಮಗಳು ಏನು ಮಾತಾಡಿಯಾರು? ಉಂಡೆಯಾ, ಉಂಡೆ, ಅಷ್ಟೇ. ಹಿಂದಿನ ವರ್ಷ ಗಂಗೋತ್ರಿ ಏಳು ತಿಂಗಳ ಬಸುರಿಯಾಗಿದ್ದಾಗ ಹಿತ್ತಿಲಲ್ಲಿ ಜಾರಿ ಬಿದ್ದಳು. ಕೂಗಿದ್ದು ಯಾರಿಗೆ ಕೇಳಬೇಕು? ಅರ್ಧ ದಿನ ಬಾವಿಕಟ್ಟೆಯ ಪಕ್ಕ ಬಿದ್ದಿದ್ದಳು, ಆ ಮಗು ಉಳಿಯಲಿಲ್ಲ. ಅದಾದ ತಿಂಗಳಿಗೆ ಅಕ್ಕ ಬಂದು, ಬಟ್ಟೆ ಒಣಹಾಕಲು ತಂತಿ ಬೇಕು ಅಂದಳು. ಮಿಕ್ಕಿದ್ದ ನೀಲಿ ಕೇಬಲ್ಲು ನಲವತ್ತು ಮೊಳ ಕೊಟ್ಟೆ. ಬಟ್ಟೆಗೆ ನಲವತ್ತು ಮೊಳ ಯಾಕೆ ಎಂದು ಕೇಳಬೇಕಿತ್ತು. ಕೇಳಲಿಲ್ಲ.

ಈಗ ಗಂಗೋತ್ರಿಗೆ ಮತ್ತೆ ಒಂಬತ್ತು ತುಂಬಿತ್ತು. ಗಂಡ ಲಾರಿ ಜೊತೆ ಹೋಗಿದ್ದ. ಸೂಲಗಿತ್ತಿ ಹುಸೇನಬಿ ಸೊಂಟದ ಮೂಳೆ ಮುರಿದುಕೊಂಡು ಎರಡನೇ ಬೀದಿಯ ತನ್ನ ಮನೆಯಲ್ಲಿ ಮಲಗಿದಲ್ಲೇ ಇದ್ದಳು. ಮಂಚ ಸಮೇತ ಹೊತ್ತು ತರುವ ಹಾಗೂ ಇಲ್ಲ, ಮೈ ಅಲ್ಲಾಡಿದರೆ ಜೀವ ಹೋದಂತೆ ಕೂಗುತ್ತಾಳೆ. ಆದರೆ ಅವಳ ನಾಲಿಗೆ ನೆಟ್ಟಗಿತ್ತು. ಆರು ತಿಂಗಳಿಂದ ಊರಿನ ಹೆರಿಗೆಗಳನ್ನೆಲ್ಲ ಪೆಟ್ಟಿಗೆಯಲ್ಲೇ ಮಾಡಿಸಿದ್ದಳು. ಬಿಸಿನೀರು ಎಲ್ಲಿಡಬೇಕು, ಯಾವಾಗ ತಿಣುಕಬೇಕು, ಯಾವಾಗ ಬಾಯಿ ಮುಚ್ಚಿಕೊಂಡು ಉಸಿರೆಳೆಯಬೇಕು, ಎಲ್ಲ ಅಲ್ಲಿಂದಲೇ ಹೇಳುತ್ತಿದ್ದಳು. ಆಸ್ಪತ್ರೆ ಇರುವ ಊರು ಅರ್ಧ ದಿನದ ದಾರಿ. ಗಂಗೋತ್ರಿಯ ಕಿವಿಗೆ ಹುಸೇನಬಿಯ ದನಿ ಮುಟ್ಟಲೇಬೇಕಿತ್ತು.

ಅಂಥ ಹೊತ್ತಲ್ಲಿ, ಒಂದು ಬೆಳಿಗ್ಗೆ, ಚಾಸಿಗೆ ಹುಚ್ಚು ಹಿಡಿಯಿತು. ನಾನು ಬಾಗಿಲು ತೆಗೆದು ಕಸ ಗುಡಿಸುತ್ತಿದ್ದೆ. ಇದ್ದಕ್ಕಿದ್ದಂತೆ ಎಂಟೂ ಹಲಗೆಯ ದೀಪಗಳು ಒಟ್ಟಿಗೇ ಪಟಪಟ ಬಡಿದುಕೊಳ್ಳತೊಡಗಿದವು. ಊರಿನ ಎಲ್ಲ ಪೆಟ್ಟಿಗೆಗಳಲ್ಲೂ ಭೋರ್ ಎನ್ನುವ ಒಂದೇ ಸದ್ದು. ದನಿಮನೆಯ ನನ್ನ ಪೆಟ್ಟಿಗೆಗೆ ಕಿವಿಗೊಟ್ಟು ಕೇಳಿದೆ. ಆ ಭೋರಿನೊಳಗೆ ಯಾವುದೋ ಒಂದೇ ಮಾತು ಬೀಸುಕಲ್ಲಿನಂತೆ ತಿರುಗುತ್ತಿದೆ ಅನ್ನಿಸಿತು, ಏನೆಂದು ತಿಳಿಯಲಿಲ್ಲ. ಒಂದೊಂದೇ ಹಲಗೆ ಹೊರಗೆಳೆದು ನೋಡಿದೆ. ಐದನೆಯದನ್ನು ಎಳೆದ ಕೂಡಲೇ ಉಳಿದ ಏಳೂ ತಣ್ಣಗಾದವು.

ಹಲಗೆಯೇ ಕೆಟ್ಟಿದೆ ಎಂದುಕೊಂಡೆ. ಮಣಿಕಟ್ಟಿಗೆ ಪಟ್ಟಿ ಬಿಗಿದು ಅದರ ತಂತಿಯನ್ನು ಚಾಸಿಗೆ ಸಿಕ್ಕಿಸಿದೆ, ನಮ್ಮ ಮೈಯ ಕರೆಂಟು ಹಲಗೆಗೆ ತಾಗಿದರೆ ಹೊಸದೂ ಹಾಳಾಗುತ್ತದೆ. ಬಾಚಣಿಗೆಯಲ್ಲಿ ಕೇಬಲ್ಲುಗಳನ್ನು ಎತ್ತಿ ಪಕ್ಕಕ್ಕಿಟ್ಟೆ. ಡಬ್ಬದಲ್ಲಿ ಕಾದಿಟ್ಟಿದ್ದ ಹೊಸ ಹಲಗೆಯನ್ನು ತೆಗೆದು, ಖಾನೆಯ ಎರಡು ಅಂಚಿಗೆ ಸರಿಯಾಗಿ ಕೂರಿಸಿ, ಮೆಲ್ಲಗೆ ತಳ್ಳಿ, ಎರಡೂ ಕಡೆಯ ಹಿಡಿಗಳನ್ನು ಒಟ್ಟಿಗೆ ಒತ್ತಿದೆ. ಟಕ್ ಎಂದು ಕೂತಿತು. ದೀಪ ಕಿತ್ತಳೆಯಾಗಿ, ತಡೆದು, ಹಸಿರಾಯಿತು. ನನ್ನ ಬೆನ್ನು ನಾನೇ ತಟ್ಟಿಕೊಂಡು ಕೇಬಲ್ಲುಗಳನ್ನು ಚುಚ್ಚಿದೆ. ಮತ್ತೆ ಭೋರ್!

ಹಳೆಯ ಹಲಗೆಯನ್ನು ಎಂಟನೇ ಖಾನೆಗೆ ಹಾಕಿ ಎಂಟನೇ ಬೀದಿಯ ಕೇಬಲ್ಲು ಕೊಟ್ಟೆ, ಚೆನ್ನಾಗೇ ನಡೆಯಿತು. ಎಂಟನೆಯದರ ಹಲಗೆಯನ್ನು ಐದನೇ ಖಾನೆಗೆ ತಂದು ಅದೇ ಎಂಟನೇ ಬೀದಿಯ ಕೇಬಲ್ಲು ಕೊಟ್ಟೆ, ಅದೂ ಸರಿ. ಅಂದರೆ ಹಲಗೆಯದೂ ತಪ್ಪಲ್ಲ, ಖಾನೆಯದೂ ಅಲ್ಲ. ಐದನೇ ಬೀದಿಯ ಕೇಬಲ್ಲು ಚುಚ್ಚಿದರೆ ಸಾಕು, ಎಲ್ಲೇ ಚುಚ್ಚಲಿ, ಊರೆಲ್ಲ ಭೋರ್. ಇಪ್ಪತ್ತನಾಲ್ಕರಲ್ಲಿ ಯಾವುದೋ ಒಂದು ಮನೆಯ ತಂತಿಯದೇ ಕಿತಾಪತಿ. ಒಂದೊಂದೇ ಎಳೆದು ನೋಡಿದ್ದರೆ ಗಳಿಗೆಯಲ್ಲಿ ಗೊತ್ತಾಗುತ್ತಿತ್ತು. ಆದರೆ ಬದುಕಿರುವವರ ತುದಿಯನ್ನು ಒಂಟಿಯಾಗಿ ಎಳೆಯಲು ನನ್ನ ಕೈ ಬರಲಿಲ್ಲ. ಎಳೆಯಬಹುದು ಎಂದು ತಲೆಗೂ ಹೊಳೆಯಲಿಲ್ಲ ಅನ್ನುವುದೇ ನಿಜ.

ಅಷ್ಟರಲ್ಲಿ ದನಿಮನೆಯ ಹಿರಿಯರಾದ ಬಸವಂತಯ್ಯನವರು ಪಂಚೆ ಎತ್ತಿ ಕಟ್ಟಿಕೊಂಡು ಒಳಗೆ ಬಂದರು. ಅವರ ಮನೆ ಎಂಟನೇ ಬೀದಿಯಲ್ಲಿ.

"ಏನಯ್ಯಾ ಪಾಲಯ್ಯ, ನಮ್ಮ ಬೀದಿದೂ ಕಿತ್ತಾಕಿದೀಯಂತಲ್ಲ! ಕೆಟ್ಟಿರೋದು ಐದನೇದು, ಅದನ್ನ ಆಚೆ ಇಡು."

"ಅಲ್ಲಿ ಬಸುರಿ ಹೆಂಗಸು ಅವಳೆ ಸ್ವಾಮಿ."

"ಒಂದು ಬೀದಿಗೋಸ್ಕರ ಏಳು ಬೀದಿ ಕಿವುಡಾಗ್ಬೇಕೇನಯ್ಯಾ? ಪಟ್ಟಣದಿಂದ ರಿಪೇರಿಯೋರು ಬರಲಿ. ಅಲ್ಲೀವರೆಗೂ ಅದನ್ನ ಮುಟ್ಟಬೇಡ."

ಹಲಗೆಯನ್ನು ಕೇಬಲ್ಲುಗಳ ಸಮೇತ ಪಕ್ಕಕ್ಕಿಟ್ಟು ಐದನೇ ಖಾನೆಗೆ ತಗಡು ಮುಚ್ಚಿದೆ, ಬಾಯಿ ತೆರೆದಿದ್ದರೆ ಫ್ಯಾನಿನ ಗಾಳಿ ಸೋರಿ ಉಳಿದ ಹಲಗೆಗಳು ಬಿಸಿಯಾಗುತ್ತವೆ. ಎರಡು ದಿನ ಕಾಲು ಸುಟ್ಟ ಬೆಕ್ಕಿನಂತೆ ಓಡಾಡಿದೆ. ಐದನೇ ಬೀದಿಯ ಮನೆಮನೆಗೂ ಹೋಗಿ ಪೆಟ್ಟಿಗೆಯ ಹಿಂದೆ ಮುಂದೆ ನೋಡಿದೆ, ಗೋಡೆಗುಂಟ ಕೇಬಲ್ಲು ಸವರಿದೆ, ಇಲಿ ಕಡಿದಿದೆಯೇನೋ ಎಂದು ಮಾಡಿನ ಸಂದಿಗೆಲ್ಲ ಕೈಹಾಕಿದೆ. ಅಕ್ಕನ ಮನೆಗೂ ಹೋಗಿದ್ದೆ. ಅವಳು ಪೆಟ್ಟಿಗೆಯ ಮುಂದೆ ಚಾಪೆ ಹಾಕಿಕೊಂಡು ಕೂತಿದ್ದಳು, ಮುಟ್ಟಲು ಬಿಡಲಿಲ್ಲ. "ನಂದು ನೆಟ್ಟಗೈತೆ, ನೀನು ಬೇರೆ ಕಡೆ ನೋಡ್ಕೋ ಹೋಗು" ಅಂದಳು. ದನಿ ಸತ್ತ ಪೆಟ್ಟಿಗೆಯ ಮುಂದೆ ಇವಳಿಗೇನು ಕೆಲಸ ಎಂದು ನನಗೆ ಹೊಳೆಯಲಿಲ್ಲ. ಬಾವಿಕಟ್ಟೆಯ ಪಕ್ಕ ಬಿದ್ದಿದ್ದ ಹುಡುಗಿಯ ಮುಖವೇ ಕಣ್ಣಮುಂದೆ.

ಮೂರನೇ ದಿನ ಊಟದ ಹೊತ್ತು. ಬಸವಂತಯ್ಯನವರು ಮನೆಗೆ ಹೋಗಿದ್ದರು. ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೈಯೆಲ್ಲ ಬೆವತು, ದನಿಮನೆಯ ಹೊಸ್ತಿಲು ಹಾರಿ ಒಳಗೆ ಬಂದಳು. ಹೊಸ್ತಿಲ ಆಚೆಯಿಂದಲೇ ಬಾಯಿ ಆಡುತ್ತಿತ್ತು, ಒಳಗೆ ಕಾಲಿಟ್ಟ ಮೇಲೆ ಮಾತಿನ ಬಾಲವಷ್ಟೇ ಕೇಳಿಸಿತು.

"...ಹಿಡ್ಕೊಂಡೈತೆ ಕಣೋ! ಬೆಳಿಗ್ಗೆಯಿಂದ ಸೊಂಟ ನೋವು ಅಂತಿದ್ಲು, ಈಗ ಗಳಿಗೆಗೊಂದು ಸಲ ಬತ್ತೈತೆ ಅಂತಾಳೆ. ಬೀದಿಗೆ ದನಿ ಕೊಡೋ ಪಾಲಾ, ಹುಸೇನಬಿ ಮಾತು ಆ ಮಗೀಗೆ ಕೇಳ್ಬೇಕು!"

ನಾನು ಹಲಗೆಗೆ ಕೈಹಾಕಿದವನು ಹಾಗೇ ನಿಂತೆ. "ನಿನಗೆ ಹೆಂಗೆ ಗೊತ್ತಾಯ್ತಕ್ಕ? ಆ ಮನೆ ಹೊಸ್ತಿಲು ನೀನು ತುಳಿಯಂಗಿಲ್ಲ. ಬೀದಿಗೆ ದನಿ ಇಲ್ಲ."

ಅಕ್ಕ ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಳು. ಎರಡು ದಿನ ಬೀದಿ ಜಾಲಾಡಿದ ನನ್ನ ಮುಖ ನೋಡಲು ಅವಳಿಗೆ ಆಗಲಿಲ್ಲ. "ನೀನೇ ಕೊಟ್ಟಿದ್ದಲ್ವಾ, ನೀಲಿ ತಂತಿ. ಹಿತ್ತಿಲ ಗೋಡೆ ಮೇಲಿಂದ ಅವಳ ಅಡಿಗೆಮನೆಗೆ ಎಳೆದಿದೀನಿ. ಅಲ್ಲೊಂದು ಹಳೇ ಪೆಟ್ಟಿಗೆ ಇಟ್ಕೊಂಡವಳೆ. ಹದಿನಾಲ್ಕು ತಿಂಗಳಾತು. ಯಾರಿಗೂ ತೊಂದ್ರೆ ಆಗಿಲ್ಲ, ಅದಕ್ಕೇ ನಾನು ಬಾಯಿ ಬಿಡಲಿಲ್ಲ."

ಸಿಟ್ಟು ನೆತ್ತಿಗೇರಿತು. ಬೈಯುವಷ್ಟು ಹೊತ್ತು ಇರಲಿಲ್ಲ. ನಡಿ ಮನೆಗೆ, ಪೆಟ್ಟಿಗೆ ಹತ್ತಿರಾನೇ ಇರು ಎಂದು ಅವಳನ್ನು ಅಟ್ಟಿ, ನಾನು ಬೋರಮ್ಮನ ಮನೆಗೆ ಓಡಿದೆ. ಓಡುತ್ತಲೇ ತಲೆ ಲೆಕ್ಕ ಹಾಕುತ್ತಿತ್ತು. ಅಕ್ಕನ ಪೆಟ್ಟಿಗೆಯಿಂದ ಅಡಿಗೆಮನೆಯ ಪೆಟ್ಟಿಗೆಗೆ ಒಂದು ತಂತಿ ಇದ್ದರೆ ಇರಲಿ, ಅದು ಅವರಿಬ್ಬರದೇ ಪಾಡು. ಹದಿನಾಲ್ಕು ತಿಂಗಳು ಸುಮ್ಮನಿದ್ದದ್ದು ಮೂರು ದಿನದ ಹಿಂದೆ ಯಾಕೆ ಕೆರಳಿತು?

ಬೋರಮ್ಮನ ಅಡಿಗೆಮನೆಯಲ್ಲಿ ಒಲೆಯ ಪಕ್ಕ ಕಂಬಳಿ ಹಾಸಿತ್ತು. ಗಂಗೋತ್ರಿ ಗೋಡೆಗೆ ಒರಗಿ, ಮೊಣಕಾಲು ಮಡಚಿ, ಹಲ್ಲು ಕಚ್ಚಿಕೊಂಡಿದ್ದಳು. ಪಕ್ಕದ ಮನೆಯ ಇಬ್ಬರು ಹೆಂಗಸರು ಹಿಡಿದುಕೊಂಡಿದ್ದರು. ಅವರಿಗೂ ಏನು ಮಾಡಬೇಕೆಂದು ಗೊತ್ತಿದ್ದಂತಿರಲಿಲ್ಲ. ನೋವು ಬಂತು. "ಅವ್ವಾ!" ಎಂದಳು. ಆ ಭೋರಿನೊಳಗೆ ತಿರುಗುತ್ತಿದ್ದ ಮಾತು ಅದೇ. ಮೂರು ದಿನದ ಹಿಂದೆ ಊರಿನ ಕಿವಿಗೆಲ್ಲ ಹೊಡೆದದ್ದು ನಮ್ಮ ಹುಡುಗಿ ಒಂದು ಸಲ ಕರೆದ ಅವ್ವಾ. ಎಲ್ಲಿಯೂ ನಿಲ್ಲಲು ಜಾಗ ಸಿಗದೆ ಸುತ್ತಿ ಸುತ್ತಿ ಸಾವಿರವಾಗಿತ್ತು.

ಒಲೆಯ ಮೇಲಿನ ಗೂಡಿನಲ್ಲಿ, ಸಾಸಿವೆ ಡಬ್ಬದ ಪಕ್ಕ, ಹಳೆಯ ಪೆಟ್ಟಿಗೆ. ಅದರಿಂದ ಒಂದು ನೀಲಿ ತಂತಿ ಕಿಟಕಿಗೆ ಹೋಗಿತ್ತು, ಇನ್ನೊಂದು ಮೋಟು ತಂತಿ ಬಾಗಿಲ ಮೇಲಿಂದ ಪಡಸಾಲೆಯ ಪೆಟ್ಟಿಗೆಗೆ.

"ಇದನ್ನ ಯಾರು ಚುಚ್ಚಿದ್ದು?" ಎಂದೆ.

ಬೋರಮ್ಮ ಬಿಸಿನೀರಿನ ಹಂಡೆ ಇಳಿಸುತ್ತಿದ್ದವಳು ತಿರುಗಿದಳು. ಗಟ್ಟಿ ಹೆಂಗಸು, ನಕ್ಕಿದ್ದನ್ನು ನಾನು ಕಂಡಿಲ್ಲ. "ನಾನೇ ಕಣಣ್ಣ. ಹೆರಿಗೆ ಮನೆ ಅಂತ ಧೂಳು ಹೊಡೀತಿದ್ದೆ. ಸಾಸ್ವೆ ಡಬ್ಬದ ಹಿಂದೆ ಈ ಹಳೇ ಪೆಟ್ಟಿಗೆಯಿಂದ ಒಂದು ತುದಿ ತೂಗಾಡ್ತಿತ್ತು. ತುಂಬಿದ ಬಸುರಿ ನೆತ್ತಿ ಮೇಲೆ ಬರಿ ತುದಿ ಬಿಟ್ಟಿರೋಕಾಯ್ತದಾ? ಪಡಸಾಲೆ ಪೆಟ್ಟಿಗೇಲಿ ಖಾಲಿ ಇರೋ ತೂತಿಗೆ ಸಿಕ್ಕಿಸಿದೆ."

ಸುತ್ತು ಪೂರಾ ಆಗಿದ್ದು ಅಲ್ಲಿ. ಅಕ್ಕನ ಮನೆಯಿಂದ ಚಾಸಿಗೆ, ಚಾಸಿಯಿಂದ ಬೋರಮ್ಮನ ಪಡಸಾಲೆಗೆ, ಪಡಸಾಲೆಯಿಂದ ಅಡಿಗೆಮನೆಗೆ, ಅಡಿಗೆಮನೆಯಿಂದ ಗೋಡೆ ಹಾರಿ ಮತ್ತೆ ಅಕ್ಕನ ಮನೆಗೆ. ಒಳಗೆ ಬಿದ್ದ ಮಾತು ನಿಲ್ಲುವ ಕೊನೆಯೇ ಇಲ್ಲ. ಒಂದು ಕಡೆ ಬಿಚ್ಚಿದರೆ ಸಾಕು ಎಂದು ಮೋಟು ತಂತಿಗೆ ಕೈ ಹಾಕಿದೆ. ಬೋರಮ್ಮ ಒದ್ದೆ ಕೈಯಲ್ಲೇ ನನ್ನ ಮುಂಗೈ ಹಿಡಿದಳು.

"ಮುಟ್ಟಬೇಡ! ಹೆರೋ ಮನೇಲಿ ತುದಿ ಎಳೀತೀಯಾ? ಹೋದ್ಸಲ ಕಳ್ಕೊಂಡಿದ್ದು ಸಾಲದಾ?"

"ಹಂಗಾದ್ರೆ ಆ ನೀಲಿದು ಎಳೀತೀನಿ, ಬೋರಕ್ಕ."

"ಅದೂ ಇದೇ ಒಲೆ ಮೇಲೈತೆ. ಅದೂ ಇದೇ ಮನೇದು." ಕೈ ಬಿಡಲಿಲ್ಲ. ಆಮೇಲೆ ದನಿ ತಗ್ಗಿಸಿ ಅಂದಳು: "ಆ ತಂತಿ ಯಾತಕ್ಕೆ ಅಂತ ನನಗೆ ಗೊತ್ತಿಲ್ಲ ಅನ್ಕೊಂಡ್ಯಾ? ಮೂರು ದಿನದಿಂದ ತಾಯಿ ಮಗಳು ಆಡಿದ್ದೆಲ್ಲಾ ಪಡಸಾಲೆ ಪೆಟ್ಟಿಗೇಲಿ ಬತ್ತಾ ಐತೆ. ನನ್ನನ್ನ ಗೂಬೆ ಅಂದಿದ್ದೂ ಬಂತು. ಕೇಳಿಸ್ಕೊಂಡು ಕೂತಿದೀನಿ. ಆ ತಾಯಿ ದನಿ ಬಂದಾಗ ಹುಡುಗಿ ನೋವು ಇಳೀತೈತೆ, ಅದನ್ನೂ ನೋಡಿದೀನಿ."

ಗಂಗೋತ್ರಿ ನೋವಿನಲ್ಲೂ ಮುಖ ಮುಚ್ಚಿಕೊಂಡಳು. ಅಷ್ಟರಲ್ಲಿ ಸಾಸಿವೆ ಡಬ್ಬದ ಪಕ್ಕದ ಪೆಟ್ಟಿಗೆ ಮಾತಾಡಿತು. ಪಡಸಾಲೆಯಲ್ಲೂ ಅದೇ ಮಾತು ಜೊತೆಗೂಡಿ ಕೇಳಿಸಿತು. ಅಕ್ಕ. ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ಪಾಲಾ, ಒಂದು ಕಡೆ ಬಿಚ್ಚಿದ್ರೆ ಆಯ್ತದಾ?"

"ಆಯ್ತದಕ್ಕ. ಆದ್ರೆ ಇಲ್ಲಿ ಎಳೆಯಂಗಿಲ್ಲ."

"ಹಂಗಾದ್ರೆ ನಂದು ಎಳಿ. ದನಿಮನೇಲಿ, ಹದಿನೇಳು."

ಬೋರಮ್ಮನೇ ಮೊದಲು ಮಾತಾಡಿದ್ದು. ಮಕ್ಕಳ ಮದುವೆಯಾದಾಗಿನಿಂದ ಬೀಗಿತ್ತಿಯ ಹೆಸರು ಹಿಡಿದು ಕರೆದವಳಲ್ಲ. "ತಿಪ್ಪಕ್ಕ, ಯೋಚ್ನೆ ಮಾಡು. ಅದು ಸಾವಿನ ಮನೆ ಗುರುತು. ಒಂಟಿ ಹೆಂಗಸು ನೀನು."

"ಒಂದು ತುದಿ ತೂಗ್ಲೇಬೇಕು ಅಂದ್ರೆ ನಂದು ತೂಗ್ಲಿ, ಬೋರಕ್ಕ. ಅವಳ ತಲೆ ಮೇಲೆ ಬ್ಯಾಡ. ಪಾಲಾ, ಇನ್ನೂ ನಿಂತಿದೀಯಾ ಅಲ್ಲಿ?"

ಓಡಿದೆ. ಅರವತ್ತರ ಹತ್ತಿರದ ಕಾಲು, ಆದರೂ ಓಡಿದೆ. ಮೂಕ ಬೀದಿಯಲ್ಲಿ ನನ್ನ ಹೆಜ್ಜೆಯ ಸದ್ದು ನನಗೇ ಕೇಳುತ್ತಿರಲಿಲ್ಲ. ದನಿಮನೆ ಹೊಕ್ಕು, ಪಟ್ಟಿ ಕಟ್ಟುವುದನ್ನೂ ಮರೆತು, ತಗಡು ಕಿತ್ತೆಸೆದು, ಹಲಗೆ ಎತ್ತಿಕೊಂಡೆ. ಅದರ ಮುಖದ ಕಿಂಡಿಗಳಲ್ಲಿ ಇಪ್ಪತ್ತನಾಲ್ಕೂ ಕೇಬಲ್ಲು ಚುಚ್ಚಿದಂತೆಯೇ ಇದ್ದವು. ಹದಿನೇಳರ ಮೇಲೆ ಬೆರಳಿಟ್ಟೆ. ಚೀಟಿಯ ಮೇಲೆ ನಾನೇ ಬರೆದ ಅಕ್ಷರ, ತಿಪ್ಪಕ್ಕ. ನನ್ನನ್ನು ಎತ್ತಿ ಆಡಿಸಿದವಳು. ಇಪ್ಪತ್ತಾರು ವರ್ಷದಲ್ಲಿ ನೂರಾರು ತುದಿ ಎಳೆದಿದ್ದೇನೆ, ಎಲ್ಲ ಸತ್ತವರವು. ಕಣ್ಣು ಮಂಜಾಯಿತು. ತುದಿಯ ಕೊಂಡಿಯನ್ನು ಒತ್ತಿ ಎಳೆದೆ. ಹಲಗೆಯನ್ನು ಖಾನೆಗೆ ತಳ್ಳಿ ಹಿಡಿಗಳನ್ನು ಒತ್ತಿದೆ. ದೀಪಗಳು ಕಿತ್ತಳೆಯಾಗಿ ನಿಂತವು. ಅಷ್ಟು ಹೊತ್ತು ಅವು ಯಾವತ್ತೂ ತೆಗೆದುಕೊಂಡಿರಲಿಲ್ಲ ಅನ್ನಿಸಿತು. ಆಮೇಲೆ ಹಸಿರು, ಇಪ್ಪತ್ತಮೂರು ಹಸಿರು. ಭೋರಿಲ್ಲ. ಒಂಬತ್ತು ಮಿಣುಕಿತು, ಎರಡನೇ ಬೀದಿಯ ಹಲಗೆಯಲ್ಲಿ ಹುಸೇನಬಿಯ ದೀಪವೂ ಮಿಣುಕಿತು. ನನ್ನ ಪೆಟ್ಟಿಗೆಯಲ್ಲಿ ಅವಳ ಒಡಕು ದನಿ: "ಯಾರವ್ವಾ ಕೂಗ್ತಿರೋದು? ಮೊದ್ಲು ಆ ಕಿಟಕಿ ಮುಚ್ಚು. ಈಗ ನಾನು ಹೇಳ್ದಂಗೆ ಉಸಿರು ಬಿಡು..."

ಅಕ್ಕನ ತುದಿ ನನ್ನ ಕೈಯಲ್ಲೇ ಇತ್ತು. ಅದನ್ನು ಚಾಸಿಯ ಹಿಂದೆ ತುರುಕಿ ಸುಮ್ಮನಾಗಬಹುದಿತ್ತು, ಆ ಆಸೆಯೂ ಬಂತು. ಆದರೆ ಒಂದು ತುದಿ ತೂಗಲೇಬೇಕು ಎಂದು ಅವಳೇ ಒಪ್ಪಿಕೊಂಡಿದ್ದಳು. ಅದನ್ನು ಬಚ್ಚಿಟ್ಟರೆ ಆ ಪೀಡೆ ಎಲ್ಲಿ ಹೋಗಿ ಕೂರುತ್ತದೋ ಎಂದು ನನಗೂ ಭಯ. ಇಷ್ಟೆಲ್ಲ ಮಾಡ್ಯೂಲು ಬಿಚ್ಚಿ ಜೋಡಿಸಿದವನು ಹೀಗನ್ನುತ್ತಾನೆಯೇ ಎಂದು ನೀವು ನಗಬಹುದು, ನಗಿ. ಹೊರಗೆ ಹೋಗಿ ಮೊಳೆಗೆ ತೂಗುಹಾಕಿದೆ. ಊಟ ಮುಗಿಸಿ ಬರುತ್ತಿದ್ದ ಬಸವಂತಯ್ಯನವರು ಚೀಟಿ ಓದಿದರು. ನನ್ನ ಮುಖ ನೋಡಿದರು. ಬೈಯಲು ಬಂದವರು ಟವೆಲ್ಲು ತಲೆಗೆ ಹೊದ್ದುಕೊಂಡು, ನನ್ನ ಭುಜ ತಟ್ಟಿದರು. ನಾನು ತಲೆ ಅಲ್ಲಾಡಿಸಿ, ಕೈ ಆಡಿಸಿ, ಹಾಗಲ್ಲ ಹಾಗಲ್ಲ ಎಂದು ಬಾಯಿ ಬಡಿದುಕೊಂಡೆ. ಬೀದಿಯಲ್ಲಿ ಅದು ಯಾರಿಗೆ ಕೇಳಬೇಕು? ಅಳುತ್ತಿದ್ದೇನೆ ಎಂದುಕೊಂಡು ಇನ್ನೂ ಜೋರಾಗಿ ತಟ್ಟಿದರು.

ನಾನು ಐದನೇ ಬೀದಿಗೆ ಬರುವಷ್ಟರಲ್ಲಿ ಸುದ್ದಿ ನನಗಿಂತ ಮುಂದೆ ಓಡಿತ್ತು. ಅಕ್ಕನ ಮನೆಯ ಮುಂದೆ ಜನ. ತಲೆಗೆ ಸೆರಗು ಹೊದ್ದ ಹೆಂಗಸರು, ಚಪ್ಪಲಿ ಬಿಟ್ಟು ಕೈಕಟ್ಟಿ ನಿಂತ ಗಂಡಸರು. ಯಾರೋ ಹೂವಿನ ಹಾರವನ್ನೂ ತಂದಿದ್ದರು. ಹೊಸ್ತಿಲ ಬಳಿ ಬಂದವರು ಒಬ್ಬೊಬ್ಬರಾಗಿ ಅಲ್ಲೇ ಕಲ್ಲಾಗುತ್ತಿದ್ದರು. ಒಳಗೆ ಸತ್ತವಳು ಚಾಪೆಯ ಮೇಲೆ ಕೂತು, ಪೆಟ್ಟಿಗೆಯ ಮೇಲೆ ಎರಡೂ ಕೈ ಇಟ್ಟು, ಅದರೊಂದಿಗೆ ಮಾತಾಡುತ್ತಿದ್ದಳು. ಹೊರಗಿನವರಿಗೆ ಅವಳ ತುಟಿ ಆಡುವುದಷ್ಟೇ ಕಾಣುತ್ತಿತ್ತು. ಬಸವಂತಯ್ಯನವರು ಟವೆಲ್ಲು ತೆಗೆಯಬೇಕೋ ಬೇಡವೋ ತಿಳಿಯದೆ ಅರ್ಧಕ್ಕೆ ಹಿಡಿದುಕೊಂಡು ನಿಂತಿದ್ದರು.

ನಾನು ಜನರನ್ನು ಸರಿಸಿ ಒಳಗೆ ಕಾಲಿಟ್ಟೆ. "ಇನ್ನೊಂದು ಸಲ ಮಗಾ, ಇನ್ನೊಂದೇ ಸಲ" ಎನ್ನುತ್ತಿದ್ದಳು ಅಕ್ಕ. ಗೋಡೆ ಮೇಲಿನ ನೀಲಿ ತಂತಿ ಹಾಗೇ ಇತ್ತಲ್ಲ, ಪೆಟ್ಟಿಗೆಯಲ್ಲಿ ಹುಸೇನಬಿ ಬೈಯುತ್ತಿದ್ದಳು, ಬೋರಮ್ಮ ಯಾವುದೋ ದೇವರನ್ನು ಕರೆಯುತ್ತ ಅದನ್ನೂ ಬೈಯುತ್ತಿದ್ದಳು. ಗಂಗೋತ್ರಿಯ ದನಿ ಇದ್ದಕ್ಕಿದ್ದಂತೆ ನಿಂತುಹೋಯಿತು. ಅಕ್ಕ ನನ್ನ ಕೈ ಹಿಡಿದುಕೊಂಡಳು, ಉಗುರು ನಾಟಿತು. ಏನೂ ಇಲ್ಲ. ಏನೂ ಇಲ್ಲ. ಆಮೇಲೆ ಎಳೆ ದನಿಯೊಂದು ಕಿರ್ರೆಂದಿತು.

ಅದು ಒಂದೇ ಸಲ ಬಂತು. ಮೂರು ದಿನದ ಭೋರು ಕಿವಿಯಲ್ಲೇ ಇದ್ದ ನಾನು, ಅದು ಸುತ್ತಿ ಮತ್ತೆ ಬರುತ್ತದೇನೋ ಎಂದು ಉಸಿರು ಹಿಡಿದು ಕಾದೆ. ಬರಲಿಲ್ಲ. ಮುಂದಿನ ಅಳು ಮಗು ತಾನೇ ಹೊಸದಾಗಿ ಅತ್ತದ್ದು. "ಗಂಡು ಕಣೇ ತಿಪ್ಪಕ್ಕ, ಇನ್ನು ಎದ್ದು ಬಾ ಇಲ್ಲಿಗೆ, ಹೊಸ್ತಿಲು ನಿಂದೇ" ಎಂದಳು ಬೋರಮ್ಮ. ಅವಳ ದನಿ ಒಡೆದಿತ್ತು.

ಅಕ್ಕನಿಗೆ ತಕ್ಷಣ ಏಳಲು ಆಗಲಿಲ್ಲ. ಬಾಗಿಲ ಕಡೆ ನೋಡಿದಳು. ಅಲ್ಲಿ ಅರ್ಧ ಊರು ತಲೆ ಹೊದ್ದು, ಮುಖ ಬಾಡಿಸಿಕೊಂಡು, ಏನೂ ಕೇಳಿಸದೆ ನಿಂತಿತ್ತು. ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡು, ತನ್ನನ್ನು ಕಳಿಸಿಕೊಡಲು ಬಂದವರನ್ನೆಲ್ಲ ಒಳಗೆ ಬನ್ನಿ ಎಂದು ಕೈ ಬೀಸಿ ಕರೆದಳು. ಒಬ್ಬೊಬ್ಬರೇ ಹೊಸ್ತಿಲು ದಾಟಿದರು. ದಾಟಿದವರಿಗೆಲ್ಲ ಮಗು ಅಳುವುದು ಕೇಳಿಸಿತು.